ತಿರುವಿನಲ್ಲಿ ವಾಲುಕೋನ

ಕೊಪ್ಪಳದಿಂದ ಕಿನ್ನಾಳಕ್ಕೆ ಸೈಕಲ್ಲಿನಲ್ಲಿ ಹೋಗುವ ವಿದ್ಯಾರ್ಥಿಯು ತಿರುವು ಬಂದೊಡನೆ ತನಗರಿವಿಲ್ಲದೆಯೇ ಒಳಮಗ್ಗುಲಿಗೆ ವಾಲುತ್ತಾನೆ. ವಾಲದೆ ತಿರುಗಲು ಹೊರಟರೆ ಹೊರಮಗ್ಗುಲಿಗೆ ಉರುಳುವನು. ಪಂದ್ಯದ ಹಾದಿಯಲ್ಲಿ ಓಡುವ ಮೋಟಾರ್ ಸೈಕಲ್ಲಿಗೂ ಇದೇ ನಿಯಮ. 1960ರ ದಶಕದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ವಾಹನವನ್ನೇರಿದ ಸವಾರನಿಗೆ ತಾನೆಷ್ಟು ವಾಲಿದೆನೆಂದು ತಿಳಿಯಲು ಮೈಯ ಅನುಭವವೊಂದೇ ಆಧಾರವಾಗಿದ್ದಿತು. ಇಂದು ಆ ಕೋನವನ್ನು ಕ್ಷಣಕ್ಷಣಕ್ಕೂ ಅಳೆಯುವ ಉಪಕರಣಗಳಿವೆ. ನಮ್ಮ ಗಡಿಗಂಟಿದ ಹೊಸೂರಿನ ಟಿ.ವಿ.ಎಸ್. ಸಂಸ್ಥೆಯು 2023ರಲ್ಲಿ ಹೊರತಂದ ಅಪಾಚೆ ಆರ್.ಟಿ.ಆರ್. 310ರ ಕೆಲವು ಮಾದರಿಗಳಲ್ಲಿ ಇಂಥದೊಂದು ಮಾಪಕವುಂಟು.

ಆದರೆ ಈ ಅಂಕಿಯನ್ನು ಪರೀಕ್ಷೆಯ ಅಂಕಗಳಂತೆ ಭಾವಿಸಿ, ಹೆಚ್ಚಾದಷ್ಟೂ ಒಳ್ಳೆಯದೆಂದು ಬಗೆಯುವ ತರುಣರಿದ್ದಾರೆ. ಇದು ತಪ್ಪು, ಅಪಾಯಕರವೂ ಹೌದು. ಕಾರಣವನ್ನು ಗಣಿತದಿಂದಲೇ ಅರಿಯಬಹುದು.

ವೇಗದ ವರ್ಗವನ್ನು, ತಿರುವಿನ ತ್ರಿಜ್ಯ ಮತ್ತು ಗುರುತ್ವದ ವೇಗೋತ್ಕರ್ಷ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ವಾಲುಕೋನದ ಟ್ಯಾಂಜೆಂಟ್ ದೊರೆಯುತ್ತದೆ. ವಾಹನದ ತೂಕ ಈ ಸೂತ್ರದಲ್ಲಿ ಎಲ್ಲಿಯೂ ಬಾರದೆಂಬುದನ್ನು ಗಮನಿಸಬೇಕು. 40 ಮೀಟರ್ ತ್ರಿಜ್ಯದ ತಿರುವಿನಲ್ಲಿ 45 ಡಿಗ್ರಿ ವಾಲಿದವನ ವೇಗ ಗಂಟೆಗೆ ಸುಮಾರು 71 ಕಿಲೋಮೀಟರ್. ಅದೇ 45 ಡಿಗ್ರಿಯಲ್ಲಿಯೇ, ಹಾದಿಯ ಪೂರ್ತಿ ಅಗಲವನ್ನು ಬಳಸಿಕೊಂಡು 50 ಮೀಟರ್ ತ್ರಿಜ್ಯದಲ್ಲಿ ತಿರುಗಿದವನ ವೇಗ ಸುಮಾರು 80. ವಾಲಿದುದು ಇಬ್ಬರೂ ಸಮನಾಗಿಯೇ. ವ್ಯತ್ಯಾಸವಿರುವುದು ಆರಿಸಿಕೊಂಡ ದಾರಿಯಲ್ಲಿ. (ಟೈರಿಗೆ ಅಗಲವಿರುವುದರಿಂದ ವಾಹನದ ನಿಜವಾದ ಕೋನ ಈ ಲೆಕ್ಕಕ್ಕಿಂತ ಕೆಲವು ಡಿಗ್ರಿ ಹೆಚ್ಚಿರುತ್ತದೆ.)

ಕೋನವನ್ನು ಅಳೆಯುವುದು ಹೇಗೆ? ದಾರಕ್ಕೆ ಗುಂಡು ಕಟ್ಟಿ ವಾಹನಕ್ಕೆ ತೂಗಬಿಟ್ಟರೆ ಸಾಲದೆ ಎಂದು ಕೆಲವರಿಗೆ ತೋರಬಹುದು. ಸಾಲದು! ಒಂದೇ ವೇಗದ ತಿರುವಿನಲ್ಲಿ ಗುಂಡೂ ವಾಹನದೊಡನೆಯೇ ಓರೆಯಾಗಿ, ವಾಹನ ನೆಟ್ಟಗೆ ನಿಂತಿದೆಯೋ ಎಂಬಂತೆ ತೋರುವುದು. ಆದುದರಿಂದ ವಾಹನವು ಎಷ್ಟು ಬೇಗ ಮಗುಚುತ್ತಿದೆ ಎಂಬುದನ್ನು ಅಳೆಯುವ ಜೈರೋಸ್ಕೋಪ್ ಬೇಕು. ಆ ವೇಗಗಳನ್ನು ಕೂಡಿಸುತ್ತ ಹೋದರೆ ಕೋನ ಸಿಗುತ್ತದೆ. ಕೂಡಿಸುವಾಗ ಸಣ್ಣ ತಪ್ಪುಗಳೂ ಕೂಡಿಕೊಳ್ಳುವುದರಿಂದ ವೇಗೋತ್ಕರ್ಷಮಾಪಕ ಮೊದಲಾದವುಗಳ ನೆರವಿನಿಂದ ಅವನ್ನು ಆಗಾಗ ತಿದ್ದಬೇಕಾಗುವುದು.

ಹೀಗೆ ದೊರೆತ ಕೋನವನ್ನು ಕ್ರಮಿಸಿದ ದೂರಕ್ಕೆ ಎದುರಾಗಿ ನಕ್ಷೆಯಲ್ಲಿ ಬರೆದು, ಕೆಳಗೆ ವೇಗದ ರೇಖೆಯನ್ನೂ ಎಳೆಯಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಹಾದಿಯಲ್ಲಿ ಸವಾರನೊಬ್ಬನು ಎರಡು ಸುತ್ತು ಓಡಿದನೆಂದು ಭಾವಿಸೋಣ. ಮೊದಲನೆಯ ಸುತ್ತಿನಲ್ಲಿ ಒಂದು ತಿರುವಿನ ರೇಖೆ ಏರಿ, ಕುಸಿದು, ಮತ್ತೆ ಏರಿದೆ. ಅಂದರೆ ಆತ ನಡುವೆ ಅಳುಕಿ ದಾರಿಯನ್ನು ತಿದ್ದಿಕೊಂಡಿರಬಹುದು. ಎರಡನೆಯದರಲ್ಲಿ ರೇಖೆ ನಯವಾಗಿ ಒಮ್ಮೆ ಏರಿ ಒಮ್ಮೆ ಇಳಿದಿದೆ. ಶಿಖರ ಮೊದಲಿನದಕ್ಕಿಂತ ತಗ್ಗಾದರೂ ವೇಗ ಕುಂದಿಲ್ಲ. ಎರಡನೆಯದೇ ಉತ್ತಮವಾದ ಸವಾರಿ. ರೇಖೆ ಬೇಗ ಇಳಿದಷ್ಟೂ ವಾಹನ ಬೇಗ ನೆಟ್ಟಗಾಗಿ, ಮುಂದಿನ ನೇರ ಹಾದಿಗೆ ಎಂಜಿನ್ನಿನ ಶಕ್ತಿಯನ್ನು ಬೇಗ ಬಳಸಲಾಗುವುದು. ಸವಾರನು ಮೈಯನ್ನು ಒಳಕ್ಕೆ ಚಾಚಿ ಕುಳಿತರೂ ಶಿಖರ ತಗ್ಗುತ್ತದೆ. ಏಕೆಂದರೆ ಸೂತ್ರದ ಕೋನವು ಸವಾರ ಮತ್ತು ವಾಹನ ಇಬ್ಬರ ಒಟ್ಟು ಗುರುತ್ವಕೇಂದ್ರಕ್ಕೆ ಸೇರಿದುದು. ಮೈ ಹೆಚ್ಚು ವಾಲಿದರೆ ವಾಹನ ಅಷ್ಟು ವಾಲಬೇಕಿಲ್ಲ.

ಕೆಲವು ಡಿಗ್ರಿಗಳ ಉಳಿತಾಯಕ್ಕೆ ಇಷ್ಟೇಕೆ ಬೆಲೆ? ವಾಲುಕೋನದ ಟ್ಯಾಂಜೆಂಟ್ ಎಂದರೆ ಟೈರು ನೆಲದಿಂದ ಬೇಡುವ ಘರ್ಷಣೆಯ ಅಳತೆ. 45 ಡಿಗ್ರಿಗೆ ಅದು 1. ಒಣ ಹಾದಿಯಲ್ಲಿ ಪಂದ್ಯದ ಟೈರು ಇದನ್ನು ಕೊಡಬಲ್ಲುದು. ಆದರೆ ಆಗಲೇ ಬ್ರೇಕು ಹಾಕಿದರೆ ಅದಕ್ಕೂ ಇದೇ ಘರ್ಷಣೆಯಲ್ಲಿ ಪಾಲು ಕೊಡಬೇಕು. ಮಳೆ ಬಿದ್ದು ಘರ್ಷಣಾಂಕ 0.5ಕ್ಕೆ ಇಳಿಯಿತೆನ್ನೋಣ: ಆಗ ಮಿತಿ 27 ಡಿಗ್ರಿಗಿಂತ ತುಸು ಕಡಿಮೆ, 50 ಮೀಟರಿನ ಅದೇ ತಿರುವಿನಲ್ಲಿ ವೇಗ ಗಂಟೆಗೆ 56 ಕಿಲೋಮೀಟರನ್ನು ದಾಟಲಾಗದು.