ಮೊದಲು ವರ್ಲ್ಡ್ ಉಳಿಸಿ, ಆಮೇಲೆ ಮಾಡ್ ಹುಡುಕಿ

ಮೈನ್‌ಕ್ರಾಫ್ಟ್ ಆಡುವ ಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಅಳಲು ಕೇಳಿಬರುತ್ತದೆ: ‘ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ವರ್ಲ್ಡ್ ಓಪನ್ನೇ ಆಗ್ತಿಲ್ಲ.’ ಹೊಸ ಮಾಡ್ ಒಂದನ್ನು ಹಾಕಿರುತ್ತಾರೆ, ಇಲ್ಲವೇ ಇದ್ದ ಮಾಡ್‌ಗಳಲ್ಲೊಂದು ಅಪ್‌ಡೇಟ್ ಆಗಿರುತ್ತದೆ. ಆಟ ಶುರುವಾಗಿ ಅರ್ಧಕ್ಕೆ ನಿಂತು ವಿಂಡೋ ಮಾಯವಾಗುತ್ತದೆ, ‘ಎಕ್ಸಿಟ್ ಕೋಡ್ 1’ ಎಂಬ ಒಂದು ಸಾಲು ಮಾತ್ರ ಉಳಿಯುತ್ತದೆ. ತಿಂಗಳುಗಟ್ಟಲೆ ಕೂತು ಕಟ್ಟಿದ ಕೋಟೆ, ತೋಟ, ರೈಲುದಾರಿ ಎಲ್ಲ ಹೋಯಿತೆಂದು ಗಾಬರಿ. ಸಾಮಾನ್ಯವಾಗಿ ಏನೂ ಹೋಗಿರುವುದಿಲ್ಲ. ಕ್ರ್ಯಾಶ್ ಆದಾಗ ವರ್ಲ್ಡ್ ಡಿಸ್ಕಿನಲ್ಲಿ ಇದ್ದ ಹಾಗೇ ಇರುತ್ತದೆ. ಅದು ಕೆಡುವುದು ಹೆಚ್ಚಾಗಿ ಆಮೇಲೆ, ನಾವು ಅವಸರದಲ್ಲಿ ಮಾಡುವ ರಿಪೇರಿಯಿಂದ. ಹಾಗಾಗಿ ಇಲ್ಲಿ ದೋಷ ಹುಡುಕುವುದಕ್ಕಿಂತ ಮೊದಲು, ಹುಡುಕುವಾಗ ಏನನ್ನು ಮುಟ್ಟಬಾರದು ಎಂಬುದನ್ನೇ ಹೇಳುತ್ತೇನೆ.

ನಾನು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯ ವಿಚಾರ. ಮೊಬೈಲಿನ ಬೆಡ್‌ರಾಕ್ ಆವೃತ್ತಿಯಲ್ಲಿ ಇರುವುದು ಆ್ಯಡ್-ಆನ್‌ಗಳು. ಅವುಗಳ ದಾರಿ ಬೇರೆ. ಜಾವಾ ಆವೃತ್ತಿಯಲ್ಲಿ ಮಾಡ್ ಎಂದರೆ ಆಟದ ಒಳಗಿನ ಕೋಡನ್ನೇ ಬದಲಿಸುವ ಅಥವಾ ಅದಕ್ಕೆ ಹೊಸದನ್ನು ಸೇರಿಸುವ ಒಂದು ಜಾರ್ ಫೈಲ್. ಆಟಕ್ಕೆ ತಾನಾಗಿ ಅದನ್ನು ಓದಲು ಬರುವುದಿಲ್ಲ. ಅದಕ್ಕೆ ಲೋಡರ್ ಬೇಕು. ಫೋರ್ಜ್ ಹಳೆಯದು, ಫ್ಯಾಬ್ರಿಕ್ 2018ರಲ್ಲಿ ಬಂತು, 2023ರಲ್ಲಿ ಫೋರ್ಜ್‌ನಿಂದ ಕವಲೊಡೆದು ನಿಯೋಫೋರ್ಜ್ ಹುಟ್ಟಿತು. ಒಂದು ಲೋಡರ್‌ಗೆ ಬರೆದ ಮಾಡ್ ಸಾಮಾನ್ಯವಾಗಿ ಇನ್ನೊಂದರಲ್ಲಿ ನಡೆಯುವುದಿಲ್ಲ. 1.20.1ಕ್ಕೆ ಬರೆದದ್ದು 1.21ರಲ್ಲಿ ನಡೆಯುತ್ತದೆಂಬ ಭರವಸೆಯೂ ಇಲ್ಲ. ಹೊಸಬರ ತೊಂದರೆಗಳಲ್ಲಿ ದೊಡ್ಡ ಪಾಲು ಈ ಎರಡು ವಾಕ್ಯಗಳಲ್ಲೇ ಮುಗಿಯುತ್ತದೆ.

ಈಗ ಮನೆಯೊಳಗೆ ಏನು ಎಲ್ಲಿದೆ ನೋಡೋಣ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ‘ಆಪ್‌ಡೇಟಾ’ ಎಂಬ ಪದವನ್ನು ಇಂಗ್ಲಿಷ್‌ನಲ್ಲಿ, ಹಿಂದೊಂದು ಮುಂದೊಂದು ಶೇಕಡಾ ಚಿಹ್ನೆ ಹಾಕಿ ಟೈಪ್ ಮಾಡಿದರೆ ಒಂದು ಫೋಲ್ಡರ್ ತೆರೆಯುತ್ತದೆ. ಅದರೊಳಗೆ ಡಾಟ್ ಮೈನ್‌ಕ್ರಾಫ್ಟ್ ಎಂಬ ಫೋಲ್ಡರ್ ಇದೆ. ಮಾಡ್‌ಗಳು ‘ಮಾಡ್ಸ್’ನಲ್ಲಿ, ಅವುಗಳ ಸೆಟ್ಟಿಂಗ್‌ಗಳು ‘ಕಾನ್ಫಿಗ್’ನಲ್ಲಿ, ಆಟದ ದಿನಚರಿ ‘ಲಾಗ್ಸ್’ನಲ್ಲಿ, ಅಪಘಾತದ ವರದಿ ‘ಕ್ರ್ಯಾಶ್-ರಿಪೋರ್ಟ್ಸ್’ನಲ್ಲಿ, ನಿಮ್ಮ ವರ್ಲ್ಡ್ ‘ಸೇವ್ಸ್’ನಲ್ಲಿ. ವರ್ಲ್ಡ್ ಎಂಬುದು ಒಂದೇ ಫೈಲ್ ಅಲ್ಲ, ಒಂದು ಇಡೀ ಫೋಲ್ಡರ್. ಅದರಲ್ಲಿರುವ ಲೆವೆಲ್ ಡಾಟ್ ಡ್ಯಾಟ್ ಎಂಬ ಸಣ್ಣ ಫೈಲು ವರ್ಲ್ಡ್‌ನ ಹೆಸರು, ಸೀಡ್, ಸಮಯ, ನಿಯಮಗಳನ್ನು ಇಟ್ಟುಕೊಂಡಿರುತ್ತದೆ. ನೆಲ, ಗೋಡೆ, ಪೆಟ್ಟಿಗೆಗಳೆಲ್ಲ ‘ರೀಜನ್’ ಎಂಬ ಉಪಫೋಲ್ಡರಿನಲ್ಲಿ ಇರುತ್ತವೆ. ಅಲ್ಲಿನ ಒಂದೊಂದು ಫೈಲೂ 512 ಬ್ಲಾಕ್ ಉದ್ದ, 512 ಬ್ಲಾಕ್ ಅಗಲದ ಜಾಗದ್ದು. ಹಾಗಾಗಿ ಒಂದು ರೀಜನ್ ಫೈಲ್ ಕೆಟ್ಟರೆ ಆ ಜಾಗವಷ್ಟೇ ಕೆಡುತ್ತದೆ, ಇಡೀ ವರ್ಲ್ಡ್ ಅಲ್ಲ.

ಕರ್ಸ್‌ಫೋರ್ಜ್, ಪ್ರಿಸಂ ಮುಂತಾದ ಲಾಂಚರ್‌ಗಳಲ್ಲಿ ಆಡುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಅಲ್ಲಿ ಪ್ರತಿ ಮಾಡ್‌ಪ್ಯಾಕ್‌ಗೂ, ಅಂದರೆ ಮಾಡ್‌ಗಳ ಸಿದ್ಧ ಕಟ್ಟಿಗೂ, ಬೇರೆ ಫೋಲ್ಡರ್, ಅದರೊಳಗೇ ಅದರ ಸೇವ್ಸ್. ‘ಪ್ಯಾಕ್ ಹಾಳಾಗಿದೆ, ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡೋಣ’ ಎಂದು ಗುಂಡಿ ಒತ್ತಿದರೆ ವರ್ಲ್ಡ್ ಕೂಡ ಜೊತೆಗೇ ಹೋಗುತ್ತದೆ. ಕ್ರ್ಯಾಶ್ ಯಾರ ಕೋಟೆಯನ್ನೂ ಇಷ್ಟು ಪೂರ್ತಿಯಾಗಿ ಕೆಡವುವುದಿಲ್ಲ.

ಆದ್ದರಿಂದ ಮೊದಲ ಕೆಲಸ ನಕಲು. ಆಟವನ್ನೂ ಲಾಂಚರನ್ನೂ ಮುಚ್ಚಿ. ಆಟ ನಡೆಯುತ್ತಿರುವಾಗ ನಕಲು ಮಾಡಿದರೆ ಅರ್ಧ ಬರೆದ ಫೈಲ್ ಸಿಗಬಹುದು. ಸೇವ್ಸ್‌ನಲ್ಲಿರುವ ನಿಮ್ಮ ವರ್ಲ್ಡ್ ಫೋಲ್ಡರನ್ನು ಪೂರ್ತಿಯಾಗಿ ಕಾಪಿ ಮಾಡಿ, ಮೈನ್‌ಕ್ರಾಫ್ಟ್ ಫೋಲ್ಡರಿನ ಹೊರಗೆ, ಸಾಧ್ಯವಾದರೆ ಪೆನ್‌ಡ್ರೈವಿನಲ್ಲಿ, ದಿನಾಂಕ ಹಾಕಿ ಇಡಿ. ಆಟದ ಮೆನುವಿನಲ್ಲೇ ವರ್ಲ್ಡ್ ಆರಿಸಿ ‘ಎಡಿಟ್’ ಒತ್ತಿದರೆ ಬ್ಯಾಕಪ್ ಮಾಡುವ ಗುಂಡಿಯೂ ಇದೆ. ಆದರೆ ಅದು ವರ್ಲ್ಡ್ ಒಂದನ್ನೇ ಜಿಪ್ ಮಾಡುತ್ತದೆ. ಮಾಡ್ ಹಾಕಿದ ವರ್ಲ್ಡ್‌ಗೆ ಅಷ್ಟು ಸಾಲದು. ಮಾಡ್ಸ್ ಮತ್ತು ಕಾನ್ಫಿಗ್ ಫೋಲ್ಡರುಗಳನ್ನೂ ಅದರ ಜೊತೆಗೆ ನಕಲು ಮಾಡಿ, ಯಾಕೆಂದರೆ ಆ ವರ್ಲ್ಡ್ ಅರ್ಥವಾಗುವುದು ಆ ಮಾಡ್‌ಗಳು ಇದ್ದರೆ ಮಾತ್ರ.

ಯಾಕೆ ಹೀಗೆ? ನಿಮ್ಮ ಮನೆಯ ಗೋಡೆ ಯಾವುದೋ ಮಾಡ್ ಕೊಟ್ಟ ಇಟ್ಟಿಗೆಯಿಂದ ಕಟ್ಟಿದ್ದು ಎನ್ನಿ. ಆ ಮಾಡನ್ನು ತೆಗೆದು ವರ್ಲ್ಡ್ ತೆರೆದರೆ, ಆ ಇಟ್ಟಿಗೆ ಏನೆಂದು ಆಟಕ್ಕೆ ಗೊತ್ತಿಲ್ಲ. ಫೋರ್ಜ್ ಆಗಿದ್ದರೆ ‘ಇಂಥ ಬ್ಲಾಕ್‌ಗಳು ಕಾಣುತ್ತಿಲ್ಲ, ಮುಂದುವರಿಯಲೇ?’ ಎಂಬರ್ಥದ ಎಚ್ಚರಿಕೆ ಕೊಡುತ್ತದೆ. ಯಾರೂ ಅದನ್ನು ಓದುವುದಿಲ್ಲ, ಎಲ್ಲರೂ ಎಸ್ ಒತ್ತುತ್ತಾರೆ. ನೀವು ಹತ್ತಿರ ಹೋದ ಜಾಗವೆಲ್ಲ ಇಟ್ಟಿಗೆ ಇಲ್ಲದೆ ಲೋಡ್ ಆಗುತ್ತದೆ, ಆಟ ಆ ಬರಿದು ಜಾಗವನ್ನೇ ಸೇವ್ ಮಾಡುತ್ತದೆ. ಆಮೇಲೆ ಮಾಡ್ ಮರಳಿ ಹಾಕಿದರೂ ಗೋಡೆ ಮರಳುವುದಿಲ್ಲ. ಆ ಮಾಡ್‌ನ ಪೆಟ್ಟಿಗೆಯಲ್ಲಿಟ್ಟ ಸಾಮಾನೂ ಹೋದ ಹಾಗೇ. ‘ಸುಮ್ಮನೆ ತೆರೆದು ನೋಡಿದೆ’ ಎನ್ನುವುದು ಇಲ್ಲಿ ಇಲ್ಲ. ತೆರೆಯುವುದೆಂದರೆ ಬರೆಯುವುದು ಕೂಡ. ಆವೃತ್ತಿ ಬದಲಿಸುವುದೂ ಇದೇ ಜಾತಿಯ ಕೆಲಸ: 1.18ರಲ್ಲಿ ವರ್ಲ್ಡ್‌ನ ಎತ್ತರ 256 ಬ್ಲಾಕ್‌ನಿಂದ 384ಕ್ಕೆ ಏರಿತು. ಹಳೆಯ ವರ್ಲ್ಡನ್ನು ಅದರಲ್ಲಿ ತೆರೆದರೆ ಹೊಸ ರೂಪಕ್ಕೆ ಬದಲಾಗುತ್ತದೆ, ಅಲ್ಲಿಂದ ಹಿಂದಕ್ಕೆ ಬರುವ ದಾರಿ ಆಟದಲ್ಲಿಲ್ಲ.

ನಕಲು ಕೈಯಲ್ಲಿದೆ ಎಂದ ಮೇಲೆ ಪತ್ತೇದಾರಿ ಶುರು ಮಾಡಬಹುದು. ಮೊದಲು ಕೇಳಬೇಕಾದದ್ದು: ಆಟ ಬಿದ್ದದ್ದು ಯಾವಾಗ? ಮುಖ್ಯ ಮೆನು ಕಾಣುವ ಮೊದಲೇ ಬಿದ್ದಿದ್ದರೆ ನಿಟ್ಟುಸಿರು ಬಿಡಿ, ನಿಮ್ಮ ವರ್ಲ್ಡನ್ನು ಆಟ ಇನ್ನೂ ಮುಟ್ಟಿಯೇ ಇಲ್ಲ. ಹೀಗೆ ಬೀಳಲು ಕಾರಣಗಳು ಸಾಮಾನ್ಯವಾಗಿ ಸರಳ. ಒಂದು ಮಾಡ್ ಇನ್ನೊಂದನ್ನು ಅವಲಂಬಿಸಿರುತ್ತದೆ, ಅದನ್ನು ನೀವು ಹಾಕಿರುವುದಿಲ್ಲ. ಫ್ಯಾಬ್ರಿಕ್‌ನಲ್ಲಿ ‘ಫ್ಯಾಬ್ರಿಕ್ ಎಪಿಐ’ ಮರೆತವರಿಗೆ ಲೆಕ್ಕವಿಲ್ಲ. ಒಂದೇ ಮಾಡ್‌ನ ಹಳೆಯ ಮತ್ತು ಹೊಸ ಜಾರ್ ಎರಡೂ ಫೋಲ್ಡರಿನಲ್ಲಿ ಉಳಿದಿರಬಹುದು. ಲೋಡರ್ ತಪ್ಪಾಗಿರಬಹುದು. ಫ್ಯಾಬ್ರಿಕ್ ಈ ವಿಷಯದಲ್ಲಿ ಒಳ್ಳೆಯ ಮೇಷ್ಟ್ರು. ಯಾವ ಮಾಡ್‌ಗೆ ಯಾವುದರ ಯಾವ ಆವೃತ್ತಿ ಬೇಕೆಂದು ಒಂದು ವಿಂಡೋದಲ್ಲಿ ಬರೆದೇ ತೋರಿಸುತ್ತದೆ. ಅಧಿಕೃತ ಲಾಂಚರ್ ಆಟ ಓಡಲು ಬೇಕಾದ ಜಾವಾ ತಂತ್ರಾಂಶವನ್ನು ತಾನೇ ತರುತ್ತದೆ. ಬೇರೆ ಲಾಂಚರ್‌ನಲ್ಲಿ ನೀವೇ ಜಾವಾ ಆರಿಸಿದ್ದರೆ ಅದನ್ನೂ ನೋಡಿ: 1.16.5ರವರೆಗಿನ ಮಾಡ್ ಆಟಕ್ಕೆ ಜಾವಾ 8, 1.18ರಿಂದ 1.20.4ರವರೆಗೆ ಜಾವಾ 17, 1.20.5ರಿಂದ 1.21ರ ಸರಣಿಯವರೆಗೆ ಜಾವಾ 21.

ಲೋಡ್ ಆಗುವಾಗ ಏದುಸಿರು ಬಿಟ್ಟು, ವರದಿಯಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಬಂದರೆ ಆಟಕ್ಕೆ ಕೊಟ್ಟ ಮೆಮೊರಿ ಸಾಲುತ್ತಿಲ್ಲ. ಲಾಂಚರ್ ತಾನಾಗಿ ಕೊಡುವಷ್ಟು ಮೆಮೊರಿ ದೊಡ್ಡ ಪ್ಯಾಕ್‌ಗೆ ಸಾಮಾನ್ಯವಾಗಿ ಸಾಲದು. ಹಾಗೆಂದು ಇರುವ 8 ಜಿಬಿಯನ್ನೂ ಆಟಕ್ಕೇ ಬರೆದುಕೊಟ್ಟರೆ ವಿಂಡೋಸ್‌ಗೆ ಉಸಿರಾಡಲು ಜಾಗವಿರುವುದಿಲ್ಲ, ಆಗ ಬೀಳುವುದು ಇನ್ನೂ ಬೇಗ.

ವರದಿ ಓದಲು ಹೆದರಬೇಡಿ. ಆಟದ ಭಾಷಾಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಕ್ರ್ಯಾಶ್ ರಿಪೋರ್ಟ್ ಬರುವುದು ಇಂಗ್ಲಿಷಿನಲ್ಲೇ; ಅದರಲ್ಲೂ ಪ್ರೋಗ್ರಾಮರ್‌ಗಳ ಇಂಗ್ಲಿಷಿನಲ್ಲಿ. ಮೇಲ್ಗಡೆ ಒಂದು ತಮಾಷೆಯ ಸಾಲಿರುತ್ತದೆ, ನಿಮ್ಮ ದುಃಖದ ಹೊತ್ತಲ್ಲಿ ಅದು ತಮಾಷೆಯೆನಿಸದಿರಬಹುದು, ಬಿಡಿ. ಅದರ ಕೆಳಗೆ ‘ಡಿಸ್ಕ್ರಿಪ್ಷನ್’ ಎಂಬ ಸಾಲು ಎಲ್ಲಿ ಎಡವಿತೆಂದು ಹೇಳುತ್ತದೆ. ಅದಾದ ಮೇಲೆ ‘ಆ್ಯಟ್’ ಎಂದು ಶುರುವಾಗುವ ಉದ್ದನೆಯ ಸಾಲುಗಳು. ಅವೆಲ್ಲ ನಿಮಗೆ ಬೇಡ. ‘ಕಾಸ್ಡ್ ಬೈ’ ಎಂದಿರುವ ಸಾಲುಗಳನ್ನು ಹುಡುಕಿ, ಅವುಗಳಲ್ಲೂ ಕೊನೆಯದನ್ನು ಮೊದಲು ಓದಿ. ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಅದರ ಆಸುಪಾಸಿನಲ್ಲಿ ನಿಮ್ಮ ಮಾಡ್ಸ್ ಫೋಲ್ಡರಿನಲ್ಲಿರುವ ಯಾವುದಾದರೂ ಹೆಸರು ಕಂಡರೆ ಅದು ಮೊದಲ ಶಂಕಿತ. ಶಂಕಿತ ಎಂದೆ, ಅಪರಾಧಿ ಎನ್ನಲಿಲ್ಲ. ಜಾತ್ರೆಯಲ್ಲಿ ಕೂಗಿಕೊಂಡವನು ಜೇಬು ಕಳೆದುಕೊಂಡವನೂ ಆಗಿರಬಹುದಲ್ಲ! ಹಾಗೆಯೇ ವರದಿಯಲ್ಲಿ ಹೆಸರಿರುವ ಮಾಡ್ ಇನ್ನೊಂದು ಮಾಡ್ ಮಾಡಿದ ಬದಲಾವಣೆಗೆ ಬಲಿಯಾಗಿ ಬಿದ್ದಿರುವುದುಂಟು.

ವರದಿ ಹೇಗಿರುತ್ತದೆಂದು ನಿರಾಳವಾಗಿ ನೋಡಬೇಕೆ? ಬೇಡದ ಒಂದು ಹೊಸ ವರ್ಲ್ಡ್ ಮಾಡಿ, ಅದರೊಳಗೆ ಎಫ್3 ಮತ್ತು ಸಿ ಕೀಗಳನ್ನು ಸುಮಾರು 10 ಸೆಕೆಂಡು ಒತ್ತಿಹಿಡಿಯಿರಿ. ಆಟ ಬೇಕೆಂದೇ ಕ್ರ್ಯಾಶ್ ಆಗಿ ವರದಿ ಬರೆಯುತ್ತದೆ. ಆಟ ಮಾಡಿದವರೇ ಇಟ್ಟಿರುವ ಸೌಲಭ್ಯ ಇದು. ನಿಜವಾದ ಕ್ರ್ಯಾಶ್ ಬರುವ ಮೊದಲು ಒಮ್ಮೆ ಹೀಗೆ ಓದಿ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಮೆನು ಬರುತ್ತದೆ, ವರ್ಲ್ಡ್ ತೆರೆದಾಗ ಬೀಳುತ್ತದೆ ಎಂದಾದರೆ ಒಂದು ಪರೀಕ್ಷೆ: ಅದೇ ಮಾಡ್‌ಗಳೊಂದಿಗೆ ಹೊಸ ವರ್ಲ್ಡ್ ಸೃಷ್ಟಿಸಿ. ಅದೂ ಬಿದ್ದರೆ ತಪ್ಪು ಮಾಡ್‌ಗಳಲ್ಲಿದೆ, ನಿಮ್ಮ ಹಳೆಯ ವರ್ಲ್ಡನ್ನು ಮುಟ್ಟುವ ಅಗತ್ಯವೇ ಇಲ್ಲ. ಹೊಸದು ಚೆನ್ನಾಗಿ ನಡೆದರೆ ತೊಂದರೆ ಹಳೆಯ ವರ್ಲ್ಡ್‌ನ ಯಾವುದೋ ಮೂಲೆಯಲ್ಲಿದೆ.

ತಪ್ಪು ಮಾಡ್‌ಗಳಲ್ಲಿದ್ದು ಯಾವುದೆಂದು ವರದಿಯಿಂದ ತಿಳಿಯದಿದ್ದರೆ ಅರ್ಧರ್ಧ ಮಾಡುವ ವಿಧಾನ ಇದೆ. ಅರ್ಧ ಮಾಡ್‌ಗಳನ್ನು ಬೇರೆ ಫೋಲ್ಡರಿಗೆ ಸರಿಸಿ ಆಟ ಶುರುಮಾಡಿ. ಬಿದ್ದರೆ ತಪ್ಪು ಉಳಿದ ಅರ್ಧದಲ್ಲಿ, ಬೀಳದಿದ್ದರೆ ತೆಗೆದ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಎರಡು ಮಾಡಿ. 100 ಮಾಡ್‌ಗಳಿದ್ದರೂ ಹೆಚ್ಚೆಂದರೆ 7 ಸಲದಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಎರಡು ಮಾಡ್‌ಗಳ ನಡುವಿನ ಜಗಳವಾದರೆ ಲೆಕ್ಕ ಸ್ವಲ್ಪ ತಪ್ಪುತ್ತದೆ. ಇನ್ನು, ಹಲವು ಮಾಡ್‌ಗಳಿಗೆ ಬೇಕಾದ ಲೈಬ್ರರಿ ಮಾಡ್‌ಗಳನ್ನು ಎರಡೂ ಅರ್ಧಗಳಲ್ಲಿ ಉಳಿಸಿಕೊಳ್ಳಿ, ಇಲ್ಲವಾದರೆ ಹೊಸದೇ ದೋಷ ಹುಟ್ಟುತ್ತದೆ. ಮುಖ್ಯವಾದದ್ದು: ಈ ಪರೀಕ್ಷೆಯನ್ನು ಹೊಸ ವರ್ಲ್ಡ್‌ನಲ್ಲೇ ಮಾಡಿ. ಅರ್ಧ ಮಾಡ್ ತೆಗೆದಿಟ್ಟು ಹಳೆಯ ವರ್ಲ್ಡ್ ತೆರೆದವರು ಗೋಡೆಯಿಲ್ಲದ ಮನೆಯಲ್ಲಿ ಎಚ್ಚರಗೊಳ್ಳುತ್ತಾರೆ.

ತೊಂದರೆ ವರ್ಲ್ಡ್‌ನಲ್ಲೇ ಇದ್ದರೆ ವರದಿಯಲ್ಲಿ ಸಾಮಾನ್ಯವಾಗಿ ‘ಟಿಕ್ಕಿಂಗ್ ಎಂಟಿಟಿ’ ಅಥವಾ ‘ಟಿಕ್ಕಿಂಗ್ ಬ್ಲಾಕ್ ಎಂಟಿಟಿ’ ಎಂದಿರುತ್ತದೆ. ಆಟ ಸೆಕೆಂಡಿಗೆ 20 ಸಲ ಪ್ರತಿ ಪ್ರಾಣಿಯ, ಪ್ರತಿ ಯಂತ್ರದ ಸ್ಥಿತಿಯನ್ನು ಮುಂದಕ್ಕೆ ತಳ್ಳುತ್ತದೆ; ಆ ಒಂದು ತಳ್ಳುವಿಕೆಗೆ ಟಿಕ್ ಎಂದು ಹೆಸರು. ಯಾವುದೋ ಒಂದು ಹಸು ಅಥವಾ ಒಂದು ಯಂತ್ರ ಆ ತಳ್ಳುವಿಕೆಯಲ್ಲಿ ಎಡವಿ ಆಟವನ್ನೇ ಕೆಡವುತ್ತಿದೆ. ಅದರ ಹೆಸರು, ಅದಿರುವ ಸ್ಥಳದ ಎಕ್ಸ್, ವೈ, ಝಡ್ ಸಂಖ್ಯೆ ಎರಡೂ ವರದಿಯಲ್ಲಿರುತ್ತವೆ. ಫೋರ್ಜ್‌ನಲ್ಲಿ, ವರ್ಲ್ಡ್ ಫೋಲ್ಡರಿನ ‘ಸರ್ವರ್‌ಕಾನ್ಫಿಗ್’ನಲ್ಲಿರುವ ಫೋರ್ಜ್‌ನ ಫೈಲಿನಲ್ಲಿ, ಇಂಥ ಎಡವುವ ಎಂಟಿಟಿಗಳನ್ನು ತೆಗೆದುಹಾಕುವ ಆಯ್ಕೆಗಳಿವೆ. ಮೂಲತಃ ಅವು ‘ಫಾಲ್ಸ್’ ಎಂದಿರುತ್ತವೆ. ‘ಟ್ರೂ’ ಮಾಡಿ, ನಕಲಿನಲ್ಲಿ ಒಮ್ಮೆ ತೆರೆದು, ಕೆಲಸವಾದ ಕೂಡಲೇ ಮತ್ತೆ ‘ಫಾಲ್ಸ್’ ಮಾಡಿ. ಹಾಗೇ ಬಿಟ್ಟರೆ ಅದು ನಿಮಗೆ ಬೇಕಾದದ್ದನ್ನೂ ಹೇಳದೆ ಕೇಳದೆ ಒರೆಸಿಹಾಕಬಹುದು. ಫ್ಯಾಬ್ರಿಕ್‌ನವರಿಗೆ ಎಂಸಿಎ ಸೆಲೆಕ್ಟರ್ ಎಂಬ ಉಚಿತ ಸಾಧನ ನೆರವಾಗುತ್ತದೆ. ಅದರಲ್ಲಿ ವರ್ಲ್ಡ್ ನಕ್ಷೆಯಾಗಿ ಕಾಣುತ್ತದೆ. ಕೆಟ್ಟ ಚಂಕನ್ನು ಮಾತ್ರ ಆರಿಸಿ ಅಳಿಸಿದರೆ ಆಟ ಅಷ್ಟು ಜಾಗವನ್ನು ಹೊಸದಾಗಿ ಹುಟ್ಟಿಸುತ್ತದೆ. ಒಂದು ಚಂಕ್ ಎಂದರೆ 16 ಬ್ಲಾಕ್ ಉದ್ದಗಲ. ಇಡೀ ಊರಿನ ಬದಲು ಒಂದು ಕೊಟ್ಟಿಗೆ ಹೋಗುವುದಾದರೆ ಅದು ಒಳ್ಳೆಯ ವ್ಯಾಪಾರವೇ.

ಆಡುವಾಗ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೆ ಇನ್ನೊಂದು ಬಗೆಯ ಕಾಟ. ಲೆವೆಲ್ ಡಾಟ್ ಡ್ಯಾಟ್ ಬರೆಯುವ ಹೊತ್ತಿಗೇ ಕತ್ತಲಾಗಿ ಆ ಫೈಲ್ ಕೆಡಬಹುದು. ಆಟ ಇದನ್ನು ಮೊದಲೇ ಊಹಿಸಿ, ಹಿಂದಿನ ಪ್ರತಿಯನ್ನು ಅದೇ ಹೆಸರಿನ ಕೊನೆಗೆ ‘ಓಲ್ಡ್’ ಸೇರಿಸಿ ಪಕ್ಕದಲ್ಲೇ ಇಟ್ಟಿರುತ್ತದೆ. ಕೆಟ್ಟದ್ದನ್ನು ಬೇರೆಡೆ ಸರಿಸಿ, ಹಳೆಯದರ ಹೆಸರನ್ನು ಲೆವೆಲ್ ಡಾಟ್ ಡ್ಯಾಟ್ ಎಂದು ಬದಲಿಸಿದರೆ ವರ್ಲ್ಡ್ ಹಲವು ಸಲ ಮೊದಲಿನಂತೆಯೇ ತೆರೆಯುತ್ತದೆ.

ರಿಪೇರಿಯ ಹೆಸರಿನಲ್ಲಿ ಸಿಕ್ಕ ಸಿಕ್ಕ ತಾಣದಿಂದ ಜಾರ್ ಇಳಿಸಬೇಡಿ. ಮಾಡ್ ಎಂದರೆ ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಪೂರ್ಣಪ್ರಮಾಣದ ಪ್ರೋಗ್ರಾಂ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಎಂಬ ಕುತಂತ್ರಾಂಶ ಹೆಸರುವಾಸಿ ತಾಣವಾದ ಕರ್ಸ್‌ಫೋರ್ಜ್‌ನಲ್ಲಿದ್ದ ಕೆಲವು ಮಾಡ್‌ಗಳೊಳಗೇ ಸೇರಿಕೊಂಡು ಪಾಸ್‌ವರ್ಡ್ ಕದಿಯಲು ಹೊರಟಿತ್ತು. ದೊಡ್ಡ ತಾಣಗಳಲ್ಲೇ ಹೀಗಾದರೆ, ಹೆಸರು ಗೊತ್ತಿಲ್ಲದ ಕಡೆ ಯಾರು ಕಾವಲು?

ಇಷ್ಟಾದರೂ ಬಗೆಹರಿಯದಿದ್ದರೆ ಬಲ್ಲವರನ್ನು ಕೇಳಿ. ಕೇಳುವಾಗ ಪರದೆಯ ಫೋಟೊ ತೆಗೆದು ಕಳಿಸಬೇಡಿ. ಕ್ರ್ಯಾಶ್ ರಿಪೋರ್ಟ್ ಮತ್ತು ಲಾಗ್ಸ್‌ನಲ್ಲಿರುವ ‘ಲೇಟೆಸ್ಟ್’ ಫೈಲನ್ನು ಪೂರ್ತಿಯಾಗಿ ಕೊಡಿ. ವಿಂಡೋಸ್‌ನಲ್ಲಿ ಅದರೊಳಗೆ ನಿಮ್ಮ ಹೆಸರು ಫೋಲ್ಡರಿನ ಹೆಸರಾಗಿ ಕಾಣಿಸಿಕೊಂಡಿದ್ದರೆ ಅದನ್ನು ಬದಲಿಸಿ. ಆಟದ ಆವೃತ್ತಿ, ಲೋಡರ್, ಕೊನೆಯ ಸಲ ಚೆನ್ನಾಗಿ ನಡೆದ ಮೇಲೆ ನೀವು ಬದಲಿಸಿದ್ದು ಏನು, ಈ ಮೂರನ್ನೂ ಬರೆಯಿರಿ. ಮಾಡ್ ಬರೆಯುವವರಲ್ಲಿ ಹೆಚ್ಚಿನವರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ಮಾಡುವವರು. ಅರ್ಧ ಮಾಹಿತಿ ಕೊಟ್ಟು ಜಗಳ ತೆಗೆದರೆ ಉತ್ತರ ಬರುವುದಿಲ್ಲ. ಪರಿಹಾರ ಸಿಕ್ಕಿದ ಮೇಲೂ ಅದನ್ನು ಮೊದಲು ನಕಲಿನ ಮೇಲೆ ಪ್ರಯೋಗಿಸಿ. ಅದರಲ್ಲಿ ಒಂದೆರಡು ದಿನ ಆಡಿ, ದೂರದ ಊರುಗಳಿಗೂ ಹೋಗಿಬನ್ನಿ. ಅಲ್ಲಿಯವರೆಗೆ ಪೆನ್‌ಡ್ರೈವಿನಲ್ಲಿರುವ ಮೊದಲ ಪ್ರತಿಯನ್ನು ಅಳಿಸಬೇಡಿ.