ಆಮೆಯ ದಡಕ್ಕೆ ಹೊರಟವಳಿಗೆ

ಕೂಸೇ,

ಕೋಸ್ಟರಿಕಾದ ಟೊರ್ಟುಗೇರೊ ದಡದಲ್ಲಿ ಕಡಲಾಮೆಗಳ ಕೆಲಸಕ್ಕೆ ವಾಲಂಟಿಯರ್ ಆಗಿ ಹೋಗಬೇಕೆಂದು ಮನಸ್ಸು ಮಾಡಿದ್ದೀಯ. ಅಪ್ಪ ಯಾಕೆ ಬೇಕಿತ್ತು ಇದೆಲ್ಲ ಎಂದ, ಅಮ್ಮ ಹೆದರಿದಳು, ಕೊನೆಗೆ ಇಬ್ಬರೂ ದೊಡ್ಡಮ್ಮನನ್ನು ಕೇಳು ಎಂದು ನನ್ನ ಕಡೆ ದಾಟಿಸಿದರು. ನಾನು ಹೋಗು ಎಂದೇ ಹೇಳುತ್ತೇನೆ. ಕಾಲಲ್ಲಿ ಕಸುವಿರುವಾಗ, ಮನಸ್ಸು ಇನ್ನೂ ಗಟ್ಟಿ ಕಟ್ಟಿಕೊಳ್ಳದಿರುವಾಗ ಬೇರೆಯವರ ನೆಲದಲ್ಲಿ ಬೇರೆಯವರ ಕೈಕೆಳಗೆ ದುಡಿದು ಬರುವುದಕ್ಕಿಂತ ಒಳ್ಳೆಯ ಓದು ಇಲ್ಲ. ಆದರೆ ಹೊರಡುವ ಮೊದಲು ಇದನ್ನು ಸಮಾಧಾನದಿಂದ ಓದು. ಪ್ರಾಣಿಶಾಸ್ತ್ರ ಪಾಠ ಮಾಡುತ್ತಲೇ ತಲೆ ನೆರೆಸಿಕೊಂಡವಳು ನಾನು. ಆ ದಡದ ಕಥೆಯನ್ನು ಪುಸ್ತಕಗಳಲ್ಲೂ ವರದಿಗಳಲ್ಲೂ ಬಹಳ ಕಾಲದಿಂದ ಬೆನ್ನುಹತ್ತಿದ್ದೇನೆ.

ಮೊದಲು, ನೀನು ಹೋಗಬಾರದ ಜಾಗಗಳ ಮಾತು. ಪ್ರಾಣಿಗಳ ಸೇವೆ ಎಂದು ವಿದೇಶಕ್ಕೆ ಕರೆಯುವವರಲ್ಲಿ ಬಹಳ ಮಂದಿ ನಿನ್ನ ಕೈಯಾಸೆಯನ್ನೇ ಬಂಡವಾಳ ಮಾಡಿಕೊಂಡವರು. ಮರಿಯನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕು, ಬಾಟಲಿಯಲ್ಲಿ ಹಾಲು ಕುಡಿಸಬೇಕು, ಫೋಟೊ ತೆಗೆಸಿಕೊಳ್ಳಬೇಕು ಎಂಬ ಆಸೆ. ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಹುಲಿ ದೇವಸ್ಥಾನ ಎಂದು ಹೆಸರಾಗಿದ್ದ ಬೌದ್ಧ ಮಠವೊಂದಿತ್ತು. ಅಲ್ಲಿನ ಮರಿಗಳಿಗೆ ಹಾಲುಣಿಸಲು ದೂರದ ದೇಶಗಳಿಂದ ಎಳೆಯರು ಬರುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ ಬರುತ್ತಿದ್ದರು. 2016ರಲ್ಲಿ ಅಲ್ಲಿನ ವನ್ಯಜೀವಿ ಇಲಾಖೆ ನುಗ್ಗಿ 137 ಹುಲಿಗಳನ್ನು ಹೊರಗೆ ಸಾಗಿಸಿತು. ಫ್ರೀಜರಿನಲ್ಲಿ 40 ಮರಿಗಳ ಶವ ಸಿಕ್ಕಿದವು. ದಕ್ಷಿಣ ಆಫ್ರಿಕಾದ ಸಿಂಹದ ಫಾರಂಗಳ ಕಥೆಯೂ ಹೀಗೆಯೇ. ತಬ್ಬಲಿ ಮರಿಗಳು ಎಂದು ಹೇಳಿ ವಾಲಂಟಿಯರುಗಳ ಕೈಗೆ ಕೊಡುವ ಮರಿಗಳನ್ನು ತಾಯಿಯಿಂದ ಬೇಕೆಂದೇ ಅಗಲಿಸಿರುತ್ತಾರೆ. ತಾಯಿ ಬೇಗ ಮತ್ತೆ ಬೆದೆಗೆ ಬರಲಿ ಎಂಬುದು ಲೆಕ್ಕ. ಮರಿ ದೊಡ್ಡದಾದ ಮೇಲೆ ಬೇಲಿಯೊಳಗೇ ಗುಂಡು ಹೊಡೆಯಲು ದುಡ್ಡು ಕೊಟ್ಟು ಬರುವ ಬೇಟೆಗಾರನ ಪಾಲು, ಇಲ್ಲವೇ ಮೂಳೆ ವ್ಯಾಪಾರದ ಪಾಲು. 2015ರಲ್ಲಿ ಬಂದ ‘ಬ್ಲಡ್ ಲಯನ್ಸ್’ ಸಾಕ್ಷ್ಯಚಿತ್ರ ಇದನ್ನೆಲ್ಲ ಬಯಲಿಗೆಳೆಯಿತು. ಪ್ರಾಣಿಯ ಮೇಲಿನ ಅಕ್ಕರೆಯಿಂದ ಹಾಲು ಕುಡಿಸಿದ ಕೈಗಳು ತಮಗೆ ತಿಳಿಯದೆಯೇ ಆ ಮರಿಯನ್ನು ಮನುಷ್ಯರಿಗೆ ಪಳಗಿಸಿ ಗುಂಡಿನೆದುರಿಗೆ ತಂದು ನಿಲ್ಲಿಸಿದ್ದವು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಎಲ್ಲಿಗೆ ಅರ್ಜಿ ಹಾಕಿದರೂ ಒಂದು ಪ್ರಶ್ನೆಯನ್ನು ನೇರವಾಗಿ ಕೇಳು: ನಿಮ್ಮಲ್ಲಿರುವ ಪ್ರಾಣಿ ಬೆಳೆದ ಮೇಲೆ ಎಲ್ಲಿಗೆ ಹೋಗುತ್ತದೆ? ಉತ್ತರ ಹಾರಿಸಿದರೆ ಅಲ್ಲಿಗೆ ಬಿಟ್ಟುಬಿಡು. ಕಾಡುಪ್ರಾಣಿಯನ್ನು ಮುಟ್ಟಲು, ಮುದ್ದಿಸಲು, ಅದರೊಡನೆ ನಡೆಯಲು ಬಿಡುತ್ತೇವೆ ಎಂದು ಎಲ್ಲಿ ದೊಡ್ಡಕ್ಷರದಲ್ಲಿ ಬರೆದಿರುತ್ತಾರೋ ಆ ಕಡೆ ತಲೆಹಾಕಬೇಡ. ಈ ಕಾರಣಕ್ಕೇ ಟೊರ್ಟುಗೇರೊದ ಹೆಸರು ಕೇಳಿ ನನಗೆ ನೆಮ್ಮದಿಯಾದದ್ದು. ಅಲ್ಲಿ ನಿನ್ನ ಕೈಗೆ ಕೆಲಸ ಕಡಿಮೆ. ಕಣ್ಣಿಗೆ, ಕಾಲಿಗೆ, ತಾಳ್ಮೆಗೆ ಹೆಚ್ಚು.

ಕೆರಿಬಿಯನ್ ಕಡಲಿನ ಆ ದಡ ಸುಮಾರು 35 ಕಿಲೊಮೀಟರ್ ಉದ್ದ. ಊರಿಗೆ ರಸ್ತೆಯಿಲ್ಲ, ಕಾಲುವೆಗಳಲ್ಲಿ ದೋಣಿ ಹಿಡಿದು ಹೋಗಬೇಕು, ಇಲ್ಲವೇ ಪುಟ್ಟ ವಿಮಾನದಲ್ಲಿ. ಮಳೆ ನಮ್ಮ ಮಲೆನಾಡಿನವರಿಗೂ ಸಾಕೆನಿಸುವಂಥದ್ದು, ಅದೂ ವರ್ಷದ ಬಹುಪಾಲು. ಜುಲೈನಿಂದ ಅಕ್ಟೋಬರ್‌ವರೆಗೆ ಹಸಿರು ಕಡಲಾಮೆಗಳು ರಾತ್ರಿ ಹೊತ್ತು ಮೇಲೆ ಬರುತ್ತವೆ. ಹಿಂಗಾಲಿನಿಂದ ಮರಳು ತೋಡಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು, ಮುಚ್ಚಿ, ಕಡಲಿಗೆ ಮರಳುತ್ತವೆ. ನೀನು ಕಡುಬಣ್ಣದ ಬಟ್ಟೆ ತೊಟ್ಟು, ಬೆಳಕಿಲ್ಲದೆ, ಮರಳಿನಲ್ಲಿ ಗಂಟೆಗಟ್ಟಲೆ ಗಸ್ತು ನಡೆಯಬೇಕು. ಮೊಟ್ಟೆ ಇಡಲು ಶುರುಮಾಡುವ ಮುಂಚೆ ಆಮೆ ಬೆದರಿದರೆ ಹಾಗೇ ಹಿಂದಿರುಗಿಬಿಡುತ್ತದೆ. ಬಾಣಂತಿ ಕೋಣೆಯ ಬಾಗಿಲಲ್ಲಿ ನಿಲ್ಲುವಂತೆ ಉಸಿರು ಬಿಗಿಹಿಡಿದು ಕಾಯಬೇಕು. ಮೊಟ್ಟೆ ಬೀಳತೊಡಗಿದ ಮೇಲೆ ಹಿಂದಿನಿಂದ ಎಣಿಸಬೇಕು. ಎಲ್ಲ ಮುಗಿದ ಮೇಲೆ, ಕಲಿತವರು ಅದರ ಮುಂಗಾಲಿಗೆ ನಂಬರಿರುವ ಲೋಹದ ಬಿಲ್ಲೆ ಹಾಕುವಾಗ, ಚಿಪ್ಪಿನ ಉದ್ದ ಅಳೆಯುವಾಗ, ನೀನು ಪುಸ್ತಕ ಹಿಡಿದು ಬರೆದುಕೊಳ್ಳಬೇಕು. ಬೇಕಾದರೆ ಕೆಂಪು ದೀಪ, ಅಷ್ಟೇ. ಮೊಬೈಲು ಕೋಣೆಯಲ್ಲಿರಲಿ.

ಎರಡು ತಿಂಗಳ ಮೇಲೆ ಮರಿಗಳು ಹೊರಬರುತ್ತವೆ. ಅಂಗೈಯಗಲವೂ ಇಲ್ಲದ ಆ ಜೀವ ನೀರಿನ ಕಡೆ ತೆವಳುವುದನ್ನು ಕಂಡಾಗ ಎತ್ತಿ ಅಲೆಯಲ್ಲಿ ಬಿಟ್ಟುಬಿಡೋಣ ಎಂದು ನಿನ್ನ ಜೀವ ಹಂಬಲಿಸುತ್ತದೆ, ನನಗೆ ಗೊತ್ತು. ಎತ್ತಬೇಡ. ಹುಟ್ಟಿದ ದಡದ ಗುರುತು ಅದರೊಳಗೆ ಇಳಿಯುವುದು ಆ ಹೊತ್ತಿನಲ್ಲೇ ಎಂದು ವಿಜ್ಞಾನಿಗಳು ನಂಬುತ್ತಾರೆ. ಉಳಿದುಕೊಂಡ ಹೆಣ್ಣು ಎರಡು ಮೂರು ದಶಕ ಬೆಳೆದು ಆ ದಡದ ಸುತ್ತಲಿಗೇ ಮೊಟ್ಟೆ ಇಡಲು ಬರುತ್ತದೆ. ನಿನ್ನ ಮುಂದೆ ಹರಿದುಹೋದ ಮರಿ ತಾಯಾಗಿ ಮರಳುವ ಹೊತ್ತಿಗೆ ನಿನ್ನ ಮಕ್ಕಳು ಕಾಲೇಜಿಗೆ ಹೋಗುತ್ತಿರಬಹುದು.

ಬರೆದುಕೊಳ್ಳುವ ಕೆಲಸವನ್ನು ಕೀಳೆಂದು ತಿಳಿಯಬೇಡ. ಫ್ಲಾರಿಡಾ ವಿಶ್ವವಿದ್ಯಾಲಯದ ಆರ್ಚಿ ಕಾರ್ ಎಂಬ ಪ್ರಾಣಿಶಾಸ್ತ್ರಜ್ಞ 1955ರಲ್ಲಿ ಅಲ್ಲಿ ಆಮೆಗಳಿಗೆ ಗುರುತು ಹಾಕಲು ಶುರುಮಾಡಿದರು. ಮೊದಲು ಚಿಪ್ಪಿಗೆ ತೂತು ಕೊರೆದು ತಂತಿಯಲ್ಲಿ ಕಟ್ಟಿದ ಬಿಲ್ಲೆಗಳು ಉದುರಿಹೋದವು. ದನದ ಕಿವಿಗೆ ಹಾಕುವಂಥ ಬಿಲ್ಲೆಯನ್ನು ಮುಂಗಾಲಿಗೆ ಹಾಕಿದ ಮೇಲೆ ನಿಂತವು. ಬಿಲ್ಲೆಯ ಮೇಲೆ ವಿಳಾಸ ಕೆತ್ತಿ, ಮರಳಿ ಕಳಿಸಿದವರಿಗೆ 5 ಡಾಲರ್ ಬಹುಮಾನ ಎಂದರು. ಬಿಲ್ಲೆಗಳು ಎಲ್ಲೆಲ್ಲಿಂದಲೋ ಅಂಚೆಯಲ್ಲಿ ಬರತೊಡಗಿದವು, ಅತಿ ಹೆಚ್ಚು ಬಂದದ್ದು ನಿಕರಾಗ್ವಾದ ಮಿಸ್ಕಿಟೊ ಬುಡಕಟ್ಟಿನ ಆಮೆ ಬೇಟೆಗಾರರಿಂದ. ಟೊರ್ಟುಗೇರೊದಲ್ಲಿ ಮೊಟ್ಟೆಯಿಡುವ ಆಮೆ ನಿಕರಾಗ್ವಾದ ಕಡಲ ಹುಲ್ಲುಗಾವಲಿನಲ್ಲಿ ಮೇಯುತ್ತದೆ, ಒಂದು ದೇಶ ಕಾದರೆ ಸಾಲದು ಎಂಬ ದೊಡ್ಡ ಸಂಗತಿ ತಿಳಿದದ್ದು ಹೀಗೆ. ಆ ಕೆಲಸಕ್ಕೆಂದು 1959ರಲ್ಲಿ ಹುಟ್ಟಿದ ಸಂಸ್ಥೆ ಈಗ ‘ಸೀ ಟರ್ಟಲ್ ಕನ್ಸರ್ವೆನ್ಸಿ’ ಎಂಬ ಹೆಸರಿನಲ್ಲಿ ಟೊರ್ಟುಗೇರೊದಲ್ಲಿ ಕೆಲಸ ಮುಂದುವರಿಸಿದೆ. 1970ರ ದಶಕದಿಂದ ಗೂಡುಗಳ ಸಂಖ್ಯೆ ಏರುತ್ತ ಹೋದದ್ದನ್ನೂ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಇಳಿಯುತ್ತಿರುವುದನ್ನೂ ಕಂಡುಹಿಡಿದದ್ದು ಯಾವ ಮಹಾಯಂತ್ರವೂ ಅಲ್ಲ. ರಾತ್ರಿ ರಾತ್ರಿ ನಡೆದು ಎಣಿಸಿದವರ ನೋಟ್‌ಬುಕ್ಕುಗಳು. ನಿದ್ದೆ ತೂಗುವಾಗ ಒಂದು ಅಂಕಿ ತಪ್ಪಾಗಿ ಬರೆದರೆ ಆ ಆಮೆಯ ಇಪ್ಪತ್ತು ವರ್ಷದ ಕಥೆ ತುಂಡಾಗಬಹುದು. ಒಂದಕ್ಕೆರಡು ಬಾರಿ ಓದಿ ನೋಡು.

ಊರಿನ ಜನರ ವಿಷಯಕ್ಕೆ ಬರುತ್ತೇನೆ. ಬೇರೆ ಸಂಸ್ಕೃತಿಯನ್ನು ನೋಡಬೇಕು ಎಂದಿದ್ದೀಯಲ್ಲ, ಅದು ನೋಡುವ ವಸ್ತುವಲ್ಲ. ಯಾರದೋ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ತೆಂಗಿನಕಾಯಿ ತುರಿದುಕೊಡುವಾಗ ತಾನಾಗಿ ಸಿಗುವಂಥದ್ದು. ಆ ಕೆರಿಬಿಯನ್ ಕರಾವಳಿಗೆ ಲಿಮೋನ್ ಪ್ರಾಂತ್ಯ ಎನ್ನುತ್ತಾರೆ. ರೈಲು ಹಳಿ ಹಾಕಲು, ಬಾಳೆ ತೋಟದಲ್ಲಿ ದುಡಿಯಲು ಜಮೈಕಾದಿಂದ ಬಂದ ಕರಿಯರ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಆ ದೇಶದಲ್ಲೇ ಹುಟ್ಟಿದವರಿಗೂ 1940ರ ದಶಕದ ಕೊನೆಯವರೆಗೆ ಪೌರತ್ವ ಸರಿಯಾಗಿ ಸಿಕ್ಕಿರಲಿಲ್ಲ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಕೆಂಪು ಬೀನ್ಸು ಅವರ ಮನೆಯೂಟ. ನಮ್ಮ ಕರಾವಳಿಯವಳಿಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಮೀನು ಮಾಂಸ ತಿನ್ನುವುದಿಲ್ಲವಾದರೆ ಮೊದಲ ದಿನವೇ ನಯವಾಗಿ ಹೇಳು, ಅನ್ನ ಬೀನ್ಸಿನಲ್ಲಿ ಹಾಯಾಗಿ ಕಾಲ ಕಳೆಯಬಹುದು. ತಟ್ಟೆ ನೋಡಿ ಮುಖ ಕಿವುಚುವುದು ಮಾತ್ರ ಬೇಡ. ಈಗಿನಿಂದಲೇ ದಿನಾ ಅಷ್ಟಷ್ಟು ಸ್ಪ್ಯಾನಿಷ್ ಕಲಿ. ಇಂಗ್ಲಿಷಿನಲ್ಲೇ ಸುಧಾರಿಸಿದರೆ ನಿನ್ನಂತೆಯೇ ಹೊರಗಿನಿಂದ ಬಂದವರ ನಡುವೆಯೇ ಉಳಿದುಬಿಡುತ್ತೀಯ.

ಆ ಜನ ಆಮೆ ತಿಂದವರು ಎಂದು ಯಾರಾದರೂ ನಿನಗೆ ಹೇಳುತ್ತಾರೆ. ಹೌದು, ತಿಂದಿದ್ದಾರೆ. 1999ರವರೆಗೂ ಲಿಮೋನ್‌ನ ಮೀನುಗಾರರು ಇಂತಿಷ್ಟು ಎಂದು ಹಸಿರು ಆಮೆ ಹಿಡಿಯಲು ಕಾನೂನಿನ ಒಪ್ಪಿಗೆಯೇ ಇತ್ತು. ಅದೇ ದೇಶದ ಇನ್ನೊಂದು ಮಗ್ಗುಲಿನ ಪೆಸಿಫಿಕ್ ದಡದಲ್ಲಿ ಒಸ್ತಿಯೊನಾಲ್ ಎಂಬ ಹಳ್ಳಿಯಿದೆ. ಅಲ್ಲಿ ಸಾವಿರಾರು ಆಲಿವ್ ರಿಡ್ಲೆ ಆಮೆಗಳು ಒಟ್ಟಿಗೆ ಮೇಲೆ ಬರುತ್ತವೆ, ಮೊದಲ ಒಂದೂವರೆ ದಿನದ ಮೊಟ್ಟೆಗಳನ್ನು ಊರವರು ತೆಗೆದು ಮಾರಲು ಇಂದಿಗೂ ಸರಕಾರದ ಅನುಮತಿಯಿದೆ. ಮುಂಚೆ ಇಟ್ಟ ಮೊಟ್ಟೆಗಳನ್ನು ಆಮೇಲೆ ಬಂದ ಆಮೆಗಳೇ ತೋಡಿ ಹಾಳುಮಾಡುತ್ತವೆ ಎಂಬುದು ಕಾರಣ. ಪ್ರತಿಯಾಗಿ ಊರವರು ದಡ ಕಾಯುತ್ತಾರೆ, ಮರಿಗಳನ್ನು ಕಾಯುತ್ತಾರೆ. ಇದು ಸರಿಯೇ ತಪ್ಪೇ ಎಂದು ತಿಳಿದವರೇ ವಾದಿಸುತ್ತಾರೆ. ನಮ್ಮ ದೇಶದಲ್ಲಿ ಅದೇ ಜಾತಿಯ ಆಮೆಯ ಒಂದು ಮೊಟ್ಟೆ ತೆಗೆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ನಮ್ಮ ಕರಾವಳಿಯಲ್ಲೂ ಕೂರ್ಮಾವತಾರ ಎಂದು ಕೈಮುಗಿದವರಿದ್ದರು, ಮೊಟ್ಟೆ ತೋಡಿ ಮಾರಿದವರೂ ಇದ್ದರು. ಮಾರಿದವರೆಲ್ಲ ಕೆಟ್ಟವರಾಗಿರಲಿಲ್ಲ, ಹಸಿದವರಿದ್ದರು. ಆದ್ದರಿಂದ ಅಲ್ಲಿ ತೀರ್ಪು ಕೊಡಲು ಹೋಗಬೇಡ. ಟೊರ್ಟುಗೇರೊದಲ್ಲಿ ಆಮೆ ಹಿಡಿಯುತ್ತಿದ್ದ ಮನೆಗಳವರು ಇಂದು ಪ್ರವಾಸಿಗರಿಗೆ ಆಮೆ ತೋರಿಸುವ ಗೈಡುಗಳಾಗಿ ಸಂಸಾರ ನಡೆಸುತ್ತಾರೆ. ರಾತ್ರಿ ದಡಕ್ಕೆ ಪ್ರವಾಸಿಗರು ಊರಿನ ಗೈಡಿಲ್ಲದೆ ಕಾಲಿಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ಆ ದಡವನ್ನು ಉಳಿಸಿದ್ದರಲ್ಲಿ ಈ ಏರ್ಪಾಡಿನ ಪಾಲು ವಿಜ್ಞಾನಿಗಳ ಪಾಲಿಗಿಂತ ಕಡಿಮೆಯದಲ್ಲ. ಆ ಗೈಡುಗಳಲ್ಲಿ ಹಿರಿಯರು ಯಾರಾದರೂ ಸಿಕ್ಕರೆ ಹಳೆಯ ದಿನಗಳ ಬಗ್ಗೆ ಕೇಳಿ ಸುಮ್ಮನೆ ಕೂತು ಆಲಿಸು.

ಇನ್ನು ನಿನ್ನ ಅಮ್ಮನ ಹೆದರಿಕೆ. ಅದನ್ನು ಸುಳ್ಳು ಎನ್ನಲಾರೆ. ಲಿಮೋನ್ ಬಂದರಿನ ಪಕ್ಕದ ಮೊಯಿನ್ ದಡದಲ್ಲಿ 2013ರ ಮೇ 31ರಂದು ಹೈರೊ ಮೋರಾ ಸಾಂಡೊವಾಲ್ ಎಂಬ ಹುಡುಗನ ಕೊಲೆಯಾಯಿತು. ಅವನಿಗೆ 26 ವರ್ಷ. ಲೆದರ್‌ಬ್ಯಾಕ್ ಆಮೆಗಳ ಗೂಡು ಕಾಯಲು ರಾತ್ರಿ ಗಸ್ತಿನಲ್ಲಿದ್ದ, ಜೊತೆಗೆ ನಾಲ್ವರು ವಿದೇಶಿ ವಾಲಂಟಿಯರ್ ಹೆಣ್ಣುಮಕ್ಕಳಿದ್ದರು. ಮುಸುಕು ಹಾಕಿದವರು ಅಡ್ಡಗಟ್ಟಿದರು. ಆ ಹೆಣ್ಣುಮಕ್ಕಳು ತಪ್ಪಿಸಿಕೊಂಡು ಬದುಕಿದರು, ಅವನು ಉಳಿಯಲಿಲ್ಲ. ಮೊಟ್ಟೆ ಕಳ್ಳರೂ ಮಾದಕವಸ್ತು ಸಾಗಿಸುವವರೂ ಓಡಾಡುತ್ತಿದ್ದ ದಡ ಅದು. ಹೊರಗಿನಿಂದ ಬಂದವರು ಕೆಲವು ವಾರ ಇದ್ದು ಹೋಗುತ್ತಾರೆ, ಸ್ಥಳೀಯನಿಗೆ ಮರುದಿನವೂ ಅದೇ ಊರು, ಅವನನ್ನು ಹೆಸರು ಹಿಡಿದು ಬಲ್ಲ ಅದೇ ಕಳ್ಳರು. ಟೊರ್ಟುಗೇರೊ ಮೊಯಿನ್ ಅಲ್ಲ; ಅದು 1975ರಿಂದ ರಾಷ್ಟ್ರೀಯ ಉದ್ಯಾನ, ಕಾವಲಿದೆ. ಆದರೂ ಗಸ್ತಿನ ಮುಂದಾಳು ಇವತ್ತು ದಡ ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಮರುಮಾತಾಡಬೇಡ. ಧೈರ್ಯ ತೋರಿಸಲು ಹೋಗಿ ಇನ್ನೊಬ್ಬರ ಮಗನ ಜೀವ ಪಣಕ್ಕಿಡುವ ಹಕ್ಕು ನಿನಗಿಲ್ಲ.

ದುಡ್ಡಿನ ಮಾತು. ಇಂಥ ಕೆಲಸಕ್ಕೆ ಹೆಚ್ಚಿನ ಕಡೆ ನಾವೇ ಊಟ ವಸತಿಗೆಂದು ಹಣ ಕಟ್ಟಬೇಕು. ಅದರಲ್ಲಿ ಎಷ್ಟು ದಡಕ್ಕೆ ಹೋಗುತ್ತದೆ, ಎಷ್ಟು ನಡುವಿನ ಏಜೆಂಟರ ಜೇಬಿಗೆ ಎಂದು ಕೇಳು; ಸಾಧ್ಯವಾದರೆ ಅಲ್ಲಿ ಕೆಲಸ ಮಾಡುವ ಸಂಸ್ಥೆಗೇ ನೇರವಾಗಿ ಬರೆ. ವೀಸಾದ ನಿಯಮವನ್ನು ದೂತಾವಾಸದಿಂದಲೇ ತಿಳಿದುಕೊ. ಬೇರೆಯವರ ಮಾತು ನಂಬಿ ಪ್ರವಾಸಿ ವೀಸಾದಲ್ಲಿ ದುಡಿಯಲು ಹೋಗಬೇಡ. ಆರೋಗ್ಯದ ವಿಮೆ ಇಲ್ಲದೆ ಮನೆ ಬಿಡಬೇಡ. ಸಾಲ ಮಾಡಿ ಹೋಗುವುದು ಬೇಡವೇ ಬೇಡ. ಕಡಿಮೆ ಬಿದ್ದರೆ ಒಂದು ವರ್ಷ ದುಡಿದು ಕೂಡಿಹಾಕು, ಆಮೆಗಳು ಮುಂದಿನ ಜುಲೈಗೂ ಬರುತ್ತವೆ.

ಇದಕ್ಕೆಲ್ಲ ಮೊದಲು ಇನ್ನೊಂದು ಕೆಲಸವಿದೆ. ಫೆಬ್ರುವರಿಯಲ್ಲಿ ಹೊನ್ನಾವರಕ್ಕೆ ಬಾ. ಕಾಸರಕೋಡ ಟೊಂಕಾದ ದಡದಲ್ಲಿ ಆ ದಿನಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಸೇರಿ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ನಾನು ಅವರ ಹತ್ತಿರ ಮಾತಾಡಿ ಒಪ್ಪಿಗೆ ಕೇಳುತ್ತೇನೆ. ಅವರ ಜೊತೆ ರಾತ್ರಿ ನಡೆ, ಅವರು ಹೇಳಿದ ಕಡೆ ನಿಲ್ಲು, ಬೆಳಗಾದ ಮೇಲೆ ಗೂಡಿನ ಬೇಲಿಗೆ ಬಿದಿರು ಹೊರು. ಎಷ್ಟೋ ರಾತ್ರಿ ಒಂದು ಆಮೆಯೂ ಬರುವುದಿಲ್ಲ, ಮರಳು ಮಾತ್ರ ಕಾಲಿಗೆ ಕಚ್ಚುತ್ತದೆ. ಹಾಗೆ ಬರಿಗೈಯಲ್ಲಿ ಬಂದು ಮಲಗಿದ ಮೇಲೂ ಮರುರಾತ್ರಿ ಹೊರಡುವ ಮನಸ್ಸು ಬಂತೋ ಇಲ್ಲವೋ ನೋಡಿಕೊ. ಟಿಕೆಟು ಅದಾದ ಮೇಲೆ ಮಾಡಿಸು.

ನಿನ್ನ ದೊಡ್ಡಮ್ಮ