ಸದ್ದಿಲ್ಲದ ಸಿಪಿಯು, ಕಿನ್ನಾಳದ ಅಂದ

ಮಾರ್ಚ್ ಬಂತೆಂದರೆ ಕೊಪ್ಪಳ ಸೀಮೆಯ ಸಣ್ಣ ಡೆಸ್ಕ್‌ಟಾಪ್‌ಗಳ ಫ್ಯಾನ್‌ಗಳು ಜೋರಾಗಿ ಕೂಗತೊಡಗುತ್ತವೆ. ಕಚೇರಿಗಳಲ್ಲಿ ಬಳಸಿ ಮಾರಿದ ಪುಟ್ಟ ಸಿಪಿಯುಗಳು ಕಡಿಮೆ ಬೆಲೆಗೆ ಸಿಗುತ್ತವೆ, ಮೇಜಿನ ಮೇಲೆ ಜಾಗವನ್ನೂ ಹೆಚ್ಚು ತಿನ್ನುವುದಿಲ್ಲ. ಆದರೆ ಓದುವ ಮಕ್ಕಳಿರುವ ಮನೆಯಲ್ಲಿ, ಆನ್‌ಲೈನ್ ಪಾಠ ನಡೆಯುವ ಕೋಣೆಯಲ್ಲಿ ಅವುಗಳ ಸದ್ದು ತಲೆನೋವು ತರುತ್ತದೆ. ಸದ್ದು ತಗ್ಗಿಸಲು ಅನೇಕರು ಸಿಪಿಯುವನ್ನು ಮೇಜಿನ ಕಪಾಟಿನೊಳಗೆ ತಳ್ಳುತ್ತಾರೆ, ಇಲ್ಲವೇ ಮೇಲೆ ಬಟ್ಟೆ ಹೊದಿಸುತ್ತಾರೆ. ಇದರಿಂದ ಒಳಗಿನ ಬಿಸಿ ಏರಿ ಫ್ಯಾನ್ ಇನ್ನಷ್ಟು ವೇಗವಾಗಿ ತಿರುಗುತ್ತದೆ. ಗಾಳಿಗೆ ಸರಾಗ ದಾರಿ ಮಾಡಿಕೊಟ್ಟರೆ ಮಾತ್ರ ಸದ್ದು ಅಡಗುತ್ತದೆ. ಆ ದಾರಿ ಮಾಡಿಕೊಳ್ಳುವ ಬಗೆಯನ್ನೂ, ಅದರ ಜೊತೆಗೆ ಡಬ್ಬಿಗೆ ನಮ್ಮ ನೆಲದ ಅಂದ ತರುವ ಬಗೆಯನ್ನೂ ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ.

ಸದ್ದಿನ ಮೂಲ ಹುಡುಕಿ

ಸಣ್ಣ ಡಬ್ಬಿಯಲ್ಲಿ ಫ್ಯಾನ್ ಕೂಡ ಸಣ್ಣದು. 80 ಮಿ.ಮೀ. ಫ್ಯಾನ್ ಅಷ್ಟೇ ಗಾಳಿ ತಳ್ಳಲು 120 ಮಿ.ಮೀ. ಫ್ಯಾನ್‌ಗಿಂತ ಹೆಚ್ಚು ವೇಗವಾಗಿ ತಿರುಗಬೇಕು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಎರಡನೆಯ ಮೂಲ ಹಾರ್ಡ್‌ಡಿಸ್ಕ್. 7,200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಆ ನಡುಕ ತೆಳ್ಳನೆಯ ತಗಡಿಗೆ ತಾಗಿ ‘ಗುಂಯ್’ ಎನ್ನುತ್ತದೆ. ಮೂರನೆಯದು ಧೂಳು. ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಕಪ್ಪು ಧೂಳು, ಗಂಗಾವತಿಯ ಅಕ್ಕಿ ಗಿರಣಿಗಳ ತೌಡು-ಹೊಟ್ಟು, ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಿಂದ ಗಾಳಿಗೆ ಏಳುವ ಮಣ್ಣು, ಎಲ್ಲವೂ ಪ್ರೊಸೆಸರ್ ಬಿಸಿ ಹೀರುವ ಹೀಟ್‌ಸಿಂಕಿನ ಸಂದಿಯಲ್ಲಿ ಕೂತು ಗಾಳಿಗೆ ಅಡ್ಡವಾಗುತ್ತವೆ.

ಸದ್ದು ಯಾವುದರದೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಹಾರ್ಡ್‌ಡಿಸ್ಕಿನ ಎರಡೂ ಕೇಬಲ್ ಬಿಡಿಸಿ. ಮತ್ತೆ ಚಾಲೂ ಮಾಡಿ ಶುರುವಿನ ಸೆಟ್ಟಿಂಗ್ ಇರುವ ಬಯೋಸ್ ಪರದೆಯಲ್ಲಿ ನಿಲ್ಲಿಸಿ. ಈಗಲೂ ಸದ್ದಿದ್ದರೆ ತಪ್ಪು ಫ್ಯಾನಿನದು, ನಿಂತಿದ್ದರೆ ಡಿಸ್ಕಿನದು.

ಬೇಕಾಗುವ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ಮೆತ್ತನೆಯ ಬ್ರಷ್, ಬ್ಲೋವರ್, ಥರ್ಮಲ್ ಪೇಸ್ಟ್, ನಾಲ್ಕು ವೈರಿನ ಒಳ್ಳೆಯ ಫ್ಯಾನ್, ಫ್ಯಾನಿಗೆ ರಬ್ಬರ್ ಪಿನ್, ಎಸ್‌ಎಸ್‌ಡಿ, ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ, ಕಾರ್ ಡೆಕೋರ್ ಅಂಗಡಿಯಲ್ಲಿ ಸಿಗುವ ಬ್ಯುಟೈಲ್ ಡ್ಯಾಂಪಿಂಗ್ ಶೀಟ್, ಅರ, ಮರಳು ಕಾಗದ. ಮದರ್‌ಬೋರ್ಡಿನ ಫ್ಯಾನ್ ಪಿನ್‌ಗಳನ್ನು ನೋಡಿಕೊಂಡೇ ಫ್ಯಾನ್ ಕೊಳ್ಳಿ. ಕೆಲವು ಕಂಪನಿಗಳ ಬೋರ್ಡಿಗೆ ಅವುಗಳದ್ದೇ ಕನೆಕ್ಟರ್ ಬೇಕು. ಹೊರಗಿನ ಫ್ಯಾನ್ ಹಾಕಿದರೆ ಪ್ರತಿ ಸಲ ಎರರ್ ತೋರಿಸುತ್ತವೆ.

ಹಂತ 1: ಶುಚಿ ಮಾಡಿ

ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿಯುತ್ತದೆ. ಡಬ್ಬಿಯನ್ನು ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಗಾಳಿಯ ರಭಸಕ್ಕೆ ಫ್ಯಾನ್ ಹುಚ್ಚಾಪಟ್ಟೆ ತಿರುಗದಂತೆ ರೆಕ್ಕೆಯನ್ನು ಬೆರಳಿನಿಂದ ತಡೆಯಿರಿ. ವಿದ್ಯುತ್ ಪೂರೈಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ಗೆ ಹೊರಗಿನಿಂದಷ್ಟೇ ಗಾಳಿ ಹಾಕಿ. ಅದರೊಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ ಹಿಡಿದಿಟ್ಟಿರುತ್ತವೆ. ಆ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬೇಡಿ.

ಹಂತ 2: ಥರ್ಮಲ್ ಪೇಸ್ಟ್ ಬದಲಿಸಿ

ಹಳೆಯ ಸಿಪಿಯುಗಳಲ್ಲಿ ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವಿನ ಪೇಸ್ಟ್ ಒಣಗಿ ಬಿರುಕು ಬಿಟ್ಟಿರುತ್ತದೆ. ಹೀಟ್‌ಸಿಂಕ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ಮೈ ಒರೆಸಿ. ಜೋಳದ ಕಾಳಿನಷ್ಟು ಪೇಸ್ಟ್ ನಡುವೆ ಇಟ್ಟು, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಷ್ಟೋ ಯಂತ್ರಗಳಲ್ಲಿ ಈ ಎರಡು ಹಂತಗಳಿಗೇ ಅರ್ಧ ಸದ್ದು ಅಡಗುತ್ತದೆ. ಹಾಗಾದರೆ ತಗಡು ಕೊರೆಯುವ ಗೋಜು ಬೇಡ; ಡಿಸ್ಕ್, ಜಾಲರಿ ಮತ್ತು ಅಂದದ ಕೆಲಸಕ್ಕೆ ಹೋಗಿ.

ಹಂತ 3: ಡಿಸ್ಕಿನ ಸದ್ದು ನಿಲ್ಲಿಸಿ

ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಸದ್ದೂ ಇಲ್ಲ, ನಡುಕವೂ ಇಲ್ಲ, ಕೆಲಸವೂ ಚುರುಕು. ಹಳೆಯ ಫೋಟೊ, ದಾಖಲೆಗಳಿಗಾಗಿ ಹಾರ್ಡ್‌ಡಿಸ್ಕ್ ಬೇಕೇಬೇಕೆಂದರೆ ಯುಎಸ್‌ಬಿ ಪೆಟ್ಟಿಗೆಗೆ ಹಾಕಿ, ಬೇಕಾದಾಗಷ್ಟೇ ಜೋಡಿಸಿ.

ಹಂತ 4: ದೊಡ್ಡ ಫ್ಯಾನಿಗೆ ಜಾಗ ಮಾಡಿ

ಪ್ರೊಸೆಸರ್ ಮೇಲಿನ ತಗಡಿನಲ್ಲಿ ಗಾಳಿರಂಧ್ರ ಸಾಲದಿದ್ದರೆ ಅಲ್ಲಿ 92 ಅಥವಾ 120 ಮಿ.ಮೀ. ಫ್ಯಾನ್ ಕೂಡಿಸಬಹುದು. ಮೊದಲು ಒಳಗಿನ ಎತ್ತರ ಅಳೆಯಿರಿ: ಸಾಮಾನ್ಯ ಫ್ಯಾನ್ 25 ಮಿ.ಮೀ., ಸ್ಲಿಮ್ ಫ್ಯಾನ್ 15 ಮಿ.ಮೀ. ದಪ್ಪವಿರುತ್ತದೆ. ಒಳಗೆ ಹಿಡಿಸದಿದ್ದರೆ ಹೊರಗೆ ಕೂಡಿಸಿ, ಸುತ್ತ ಮರದ ಚೌಕಟ್ಟು ಕೊಡಿ. ಸ್ಕ್ರೂ ತೂತುಗಳ ನಡುವಿನ ಅಂತರ 120 ಮಿ.ಮೀ. ಫ್ಯಾನಿಗೆ 105 ಮಿ.ಮೀ., 92ಕ್ಕೆ 82.5 ಮಿ.ಮೀ. ಕಾಗದದ ಮೇಲೆ ಗುರುತು ಹಾಕಿ ತಗಡಿಗೆ ಅಂಟಿಸಿ.

ಕೊರೆಯುವ ಮುನ್ನ ತಗಡನ್ನು ಡಬ್ಬಿಯಿಂದ ಪೂರ್ತಿ ಬಿಡಿಸಿ. ಬೋರ್ಡಿನ ಮೇಲೆ ಬಿದ್ದ ಒಂದು ಲೋಹದ ಚೂರು ಶಾರ್ಟ್ ಮಾಡಿ ಎಲ್ಲವನ್ನೂ ಸುಡಬಲ್ಲದು. ಕೈಯಲ್ಲಿ ಆಗದಿದ್ದರೆ ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಗುರುತು ಸರಿಯಿದ್ದರೆ ಅವರಿಗಿದು ಸಣ್ಣ ಕೆಲಸ. ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಬೀಡಿಂಗ್ ಹಾಕಿ. ಹೊರಗೆ ಕೂತ ಫ್ಯಾನಿಗೆ ಮಕ್ಕಳ ಬೆರಳು ಹೋಗದಂತೆ ತಂತಿಯ ಗ್ರಿಲ್ ಬೇಕೇಬೇಕು. ಫ್ಯಾನನ್ನು ಸ್ಕ್ರೂ ಬದಲು ರಬ್ಬರ್ ಪಿನ್‌ನಲ್ಲಿ ಕೂಡಿಸಿದರೆ ನಡುಕ ತಗಡಿಗೆ ದಾಟುವುದಿಲ್ಲ.

ಹಂತ 5: ಗಾಳಿಗೆ ದಾರಿ, ಧೂಳಿಗೆ ತಡೆ

ಹೊಸದಾಗಿ ಕೂಡಿಸಿದ ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆಳೆಯಬೇಕು, ಬಿಸಿಗಾಳಿ ಹಿಂದಿನಿಂದ ಹೊರಬೀಳಬೇಕು. ಸಾಮಾನ್ಯವಾಗಿ ಮೋಟರ್ ಹಿಡಿದಿರುವ ಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ. ಹೊರಹೋಗುವ ಗಾಳಿಗಿಂತ ಒಳಬರುವ ಗಾಳಿ ತುಸು ಹೆಚ್ಚಿರಲಿ. ಆಗ ಸಂದುಗೊಂದುಗಳಿಂದ ಧೂಳು ನುಸುಳುವುದಿಲ್ಲ. ಗಾಳಿ ಒಳಬರುವ ಕಡೆಯಲ್ಲೆಲ್ಲ ನೈಲಾನ್ ಜಾಲರಿಯನ್ನು ವೆಲ್ಕ್ರೊ ಪಟ್ಟಿಯಿಂದ ಅಂಟಿಸಿ. ಹಲ್ಲಿಗಳೂ ದೂರ ಉಳಿಯುತ್ತವೆ. ಜಾಲರಿ ಕಟ್ಟಿಕೊಂಡರೆ ಗಾಳಿಯೇ ಬರುವುದಿಲ್ಲ. ತಿಂಗಳಿಗೊಮ್ಮೆ, ಗಿರಣಿ ಅಥವಾ ಕಾರ್ಖಾನೆಯ ಹತ್ತಿರವಿದ್ದರೆ ವಾರಕ್ಕೊಮ್ಮೆ, ಬಿಚ್ಚಿ ತೊಳೆದು ಒಣಗಿಸಿ ಹಾಕಿ.

ಗಾಳಿಯ ದಾರಿ ನೋಡಲು ಹಚ್ಚಿದ ಊದಿನಕಡ್ಡಿಯನ್ನು ಜಾಲರಿಯ ಎದುರು ಸ್ವಲ್ಪ ದೂರ ಹಿಡಿಯಿರಿ. ಹೊಗೆ ಒಳಗೆ ಸರಿದರೆ ಸರಿ, ನಿಮ್ಮತ್ತ ಬಂದರೆ ಫ್ಯಾನ್ ತಿರುವುಮುರುವು ಕೂತಿದೆ.

ಹಂತ 6: ತಗಡಿನ ನಡುಕ ತಗ್ಗಿಸಿ

ಅಗಲವಾದ ತಗಡಿನ ಒಳಮೈಯ ನಡುವೆ ಅಂಗೈ ಅಗಲದ ಬ್ಯುಟೈಲ್ ಶೀಟ್ ಒತ್ತಿ ಅಂಟಿಸಿ. ಇಡೀ ತಗಡಿಗೆ ಹಚ್ಚಬೇಕಿಲ್ಲ. ಥರ್ಮೊಕೋಲ್ ಮತ್ತು ಹಾಸಿಗೆಯ ಸ್ಪಂಜು ಸುಲಭವಾಗಿ ಬೆಂಕಿ ಹಿಡಿಯುತ್ತವೆ. ಡಬ್ಬಿಯೊಳಗೆ ಅವು ಬೇಡವೇ ಬೇಡ. ಅಡಿಯ ನಾಲ್ಕು ಮೂಲೆಗೆ ರಬ್ಬರ್ ಕಾಲು ಹಾಕಿ, ಗೋಡೆಯಿಂದ ಒಂದು ಗೇಣು ದೂರ ಇಡಿ.

ಹಂತ 7: ಅಂದದ ಕೆಲಸ

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಕುಟುಂಬಗಳು ಹಗುರ ಮರದಲ್ಲಿ ಗೊಂಬೆ, ದೇವರ ಮೂರ್ತಿಗಳನ್ನು ಕಡೆದು, ಹುಣಸೆಬೀಜದ ಅಂಟು ಬೆರೆತ ‘ಕಿಟ್ಟ’ ಎಂಬ ಲೇಪದಿಂದ ಮೈ ತಿದ್ದಿ, ಗಾಢ ಬಣ್ಣ ಹಚ್ಚುತ್ತ ಬಂದಿವೆ. ಈ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಸಿಪಿಯು ಮುಂಭಾಗಕ್ಕೆ ಒಂದು ಮರದ ಹಲಗೆ ಮಾಡಿಸಿ, ಅದರ ಮೇಲೆ ಕಿನ್ನಾಳದ ಬಳ್ಳಿ, ಹೂವು, ಗಿಳಿ ಬರೆಸಿದರೆ ಅಂಥ ಡಬ್ಬಿ ಯಾವ ಶೋರೂಮಿನಲ್ಲೂ ಸಿಗದು. ಪವರ್ ಬಟನ್ ಮತ್ತು ಯುಎಸ್‌ಬಿ ಕಿಂಡಿಗಳನ್ನು ಮೊದಲೇ ಕೊರೆಸಿ, ಆಮೇಲೆ ಹಲಗೆಯನ್ನು ಕಲಾವಿದರಿಗೆ ಕೊಡಿ. ಮರ ಯಾವುದಿರಬೇಕೆಂದು ಅವರನ್ನೇ ಕೇಳಿ. ಚೌಕಾಸಿ ಮಾಡದೆ ಅವರು ಕೇಳಿದ ಕೂಲಿ ಕೊಡಿ.

ಹಲಗೆಯನ್ನು ಮುಂಭಾಗಕ್ಕೆ ಒತ್ತಿ ಕೂಡಿಸಬೇಡಿ. ಸಣ್ಣ ಬುಷ್‌ಗಳ ಮೇಲೆ 15 ಮಿ.ಮೀ. ಎತ್ತರಿಸಿ ನಿಲ್ಲಿಸಿದರೆ ಗಾಳಿ ನಾಲ್ಕೂ ಬದಿಯಿಂದ ಒಳಹೋಗುತ್ತದೆ, ಒಳಗಿನ ಸದ್ದಿಗೂ ಹಲಗೆ ಮರೆಯಾಗುತ್ತದೆ. ಆನೆಗೊಂದಿಯ ಬಾಳೆನಾರಿನ ಹೆಣಿಗೆ ಇಷ್ಟವಿದ್ದರೆ ಅದನ್ನೂ ಬಳಸಬಹುದು. ಆದರೆ ಮರ, ನಾರು ಎಲ್ಲವೂ ಹೊರಗಷ್ಟೇ ಇರಲಿ. ಒಳಗಿನ ಲೋಹದ ಡಬ್ಬಿ ಉಳಿಯಲೇಬೇಕು, ಅರ್ತಿಂಗ್ ಹರಿಯುವುದು ಅದರ ಮೂಲಕವೇ. ತಗಡಿಗೆ ಸ್ಪ್ರೇ ಪೇಂಟ್ ಹೊಡೆಯುವುದಾದರೆ ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಹಚ್ಚಿ, ತೆಳ್ಳಗೆ ಎರಡು-ಮೂರು ಸಲ ಹೊಡೆಯಿರಿ. ತಗಡಿಗೆ ತಗಡು ಕೂಡುವ ಜಾಗಕ್ಕೆ ಪೇಂಟ್ ಬೇಡ.

ಹಂತ 8: ಪರೀಕ್ಷಿಸಿ

ಬಯೋಸ್‌ನಲ್ಲಿ ಫ್ಯಾನ್ ವೇಗವನ್ನು ‘ಕ್ವಾಯಟ್’ ಅಥವಾ ‘ಆಟೊ’ಗೆ ಹೊಂದಿಸಿ. ಹೆಚ್‌ಡಬ್ಲ್ಯೂ ಇನ್ಫೊ ಎಂಬ ಉಚಿತ ತಂತ್ರಾಂಶ ತೆರೆದಿಟ್ಟು, ನಡು ಮಧ್ಯಾಹ್ನ ಅರ್ಧ ಗಂಟೆ ಭಾರೀ ಕೆಲಸ ಕೊಟ್ಟು ನೋಡಿ. ಪ್ರೊಸೆಸರ್ ಬಿಸಿ 85 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಚಿಂತೆಯಿಲ್ಲ. ಮೀರಿದರೆ ಫ್ಯಾನ್ ವೇಗ ತುಸು ಏರಿಸಿ. ಚಳಿಗಾಲದ ರಾತ್ರಿ ಮಾಡಿದ ಪರೀಕ್ಷೆಯನ್ನು ನಂಬಿ ಕೂರಬೇಡಿ; ಕೋಣೆಯ ಬಿಸಿ 15 ಡಿಗ್ರಿ ಏರಿದರೆ ಪ್ರೊಸೆಸರ್ ಬಿಸಿಯೂ ಹೆಚ್ಚು-ಕಡಿಮೆ ಅಷ್ಟೇ ಏರುತ್ತದೆ.

ಕೊನೆಗೆ ಎರಡು ಎಚ್ಚರಿಕೆ. ವಾರಂಟಿ ಇನ್ನೂ ಇದ್ದರೆ ತಗಡು ಕೊರೆಯಬೇಡಿ. ಡಬ್ಬಿ ಮುಟ್ಟಿದಾಗ ಕೈ ಜುಮ್ಮೆಂದರೆ ಮೂರು ಪಿನ್ನಿನ ಪ್ಲಗ್ ಮತ್ತು ಮನೆಯ ಅರ್ತಿಂಗ್ ಎರಡನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಹೊಸ ಸಿಪಿಯು ಕೊಳ್ಳುವ ಮುನ್ನ ಇರುವುದನ್ನೇ ಹೀಗೆ ತಿದ್ದಿ ನೋಡಿ. ಮೊದಲ ಎರಡು ಹಂತಗಳನ್ನು ಈ ಭಾನುವಾರವೇ ಮಾಡಬಹುದು. ಹಲಗೆ ಮಾಡಿಸುವ ಮನಸ್ಸಾದರೆ ಕಿನ್ನಾಳದ ಕಲಾವಿದರ ಮನೆಗೆ ಹೋಗಿಬನ್ನಿ.